ಓಡ್ಸೋಕೆ ಸ್ವರ್ಗ ಈ ಇವಿ, ಆದ್ರೆ ಗಾಜಿನ ಮಂಜು ಒರೆಸೋಕೆ ಮೆನು ಹುಡುಕ್ಬೇಕು

ನನ್ನ ಇವಿ, ಅಂದ್ರೆ ಎಲೆಕ್ಟ್ರಿಕ್ ಕಾರನ್ನ ವರ್ಷಗಟ್ಟಲೆ ದಿನಾ ಓಡ್ಸಿದ ಮೇಲೆ ಬರೀತಿದೀನಿ. ಬ್ಯಾಟರಿ ಎಷ್ಟು, ಪವರ್ ಎಷ್ಟು ಅನ್ನೋದೆಲ್ಲಾ ನೀವು ಆಗ್ಲೇ ನೋಡಿರ್ತೀರಾ, ಅದನ್ನ ಬಿಡ್ತೀನಿ.

ಮನಸು ಗೆದ್ದಿದ್ದು ರೀಜೆನ್. ಆಕ್ಸಲರೇಟರಿಂದ ಕಾಲು ಎತ್ತಿದ್ರೆ ಮೋಟರ್ರೇ ಜನರೇಟರ್ ಆಗಿ ಗಾಡಿನ ಹಿಡಿಯತ್ತೆ, ಆ ಕರೆಂಟು ವಾಪಸ್ ಬ್ಯಾಟರಿಗೆ. ದೂರದಲ್ಲಿ ಸಿಗ್ನಲ್ ಕೆಂಪಾಗಿದ್ದು ಕಂಡ ತಕ್ಷಣ ಕಾಲು ಸ್ವಲ್ಪ ಸ್ವಲ್ಪನೇ ಸಡಿಲ ಬಿಡ್ತಾ, ಬ್ರೇಕ್ ಮುಟ್ಟದೇ, ಮುಂದಿನ ಗಾಡಿ ಹಿಂದೆ ಸರಿಯಾದ ಜಾಗದಲ್ಲಿ ಹೋಗಿ ನಿಲ್ಲಿಸೋದಿದ್ಯಲ್ಲ, ಅದು ಇವತ್ತಿಗೂ ನಂಗೆ ಖುಷಿ ಕೊಡತ್ತೆ. ಟ್ರಾಫಿಕ್ಕಲ್ಲಿ ಕಾಲು ನೋವು ಅನ್ನೋದೇ ಮರ್ತೋಗಿದೆ. ಫುಲ್ ಚಾರ್ಜ್ ಆಗಿರುವಾಗ ಮಾತ್ರ ಈ ಹಿಡಿತ ಕಮ್ಮಿ, ಬ್ಯಾಟರಿಲಿ ಕರೆಂಟು ತಗೊಳ್ಳೋಕೆ ಜಾಗ ಇರಲ್ಲ ನೋಡಿ. ನಂದು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರೋ ಲಿಥಿಯಂ) ಬ್ಯಾಟರಿ, ದಿನಾ ಫುಲ್ ಮಾಡಿದ್ರೆ ಬೇಗ ಸೊರಗತ್ತೆ ಅಂತ 80 ಪರ್ಸೆಂಟಿಗೆ ನಿಲ್ಲಿಸ್ತೀನಿ, ಹಾಗಾಗಿ ಬೆಳಿಗ್ಗೆಯಿಂದ್ಲೇ ರೀಜೆನ್ ಪೂರ್ತಿ ಸಿಗತ್ತೆ. ರಾತ್ರಿ ಮಲಗೋ ಮುಂಚೆ ಪ್ಲಗ್ ಚುಚ್ಚಿ, ಟಕ್ ಅಂತ ಲಾಕ್ ಬಿದ್ದ ಸದ್ದು ಕೇಳಿ, ಹಸಿರು ಲೈಟ್ ಮಿನುಗೋಕೆ ಶುರುವಾಗಿದ್ದು ನೋಡಿದ್ಮೇಲೇ ನಾನು ಒಳಗೆ ಹೋಗೋದು. ಬಂಕಲ್ಲಿ ಕ್ಯೂ ನಿಲ್ಲೋ ಕೆಲ್ಸ ಇಲ್ವೇ ಇಲ್ಲ. ಬ್ರೇಕ್ ಪ್ಯಾಡ್ ಹೆಚ್ಚು ಸವೆದಿಲ್ಲ, ಟೈರ್ ಮಾತ್ರ ಬೇಗ ಸವೀತಿದೆ, ಯಾಕಂದ್ರೆ ಗಾಡಿ ತೂಕ ಜಾಸ್ತಿ, ಟಾರ್ಕ್ (ಚಕ್ರ ತಿರುಗಿಸೋ ಬಲ) ಒಂದೇ ಸಲಕ್ಕೆ ಬರತ್ತೆ.

ಇಷ್ಟೆಲ್ಲಾ ಚೆನ್ನಾಗಿರೋ ಗಾಡಿ ಮೇಲೆ ನಂಗೆ ಸಿಟ್ಟು ಬರೋದು ಆ ಸ್ಕ್ರೀನ್ ಇಂದ. ಎಸಿ, ಫ್ಯಾನು, ಗಾಜಿನ ಮಂಜು ಬಿಡಿಸೋ ಡಿಫಾಗರ್, ಎಲ್ಲಾ ಅದರೊಳಗೆ. ಬಿಸಿಲಿದ್ದಾಗ ಸರಿ, ಮಳೇಲಿ ಕಥೆನೇ ಬೇರೆ. ರೇಂಜ್ (ಒಂದು ಚಾರ್ಜಿಗೆ ಓಡೋ ದೂರ) ಉಳಿಸೋಕೆ ಇಕೋ ಮೋಡ್ ಹಾಕಿರ್ತೀನಿ, ಅದು ಎಸಿನ ಕಮ್ಮಿ ಮಾಡತ್ತೆ, ಎಸಿ ಕಮ್ಮಿ ಆದ್ರೆ ಒಳಗಿನ ಗಾಳಿಲಿರೋ ತೇವ ಹೋಗಲ್ಲ, ನಮ್ಮ ಉಸಿರಿಗೇ ತಣ್ಣಗಿರೋ ಗಾಜು ಮಂಜಾಗತ್ತೆ. ಆಗ ತಕ್ಷಣ ಡಿಫಾಗ್ ಬೇಕು, ಅದಕ್ಕೆ ಮೊದ್ಲು ಮ್ಯಾಪ್ ಸರಿಸ್ಬೇಕು, ಕ್ಲೈಮೇಟ್ ಒತ್ತಬೇಕು, ಆಮೇಲೆ ಆ ಪುಟಾಣಿ ಐಕಾನ್ ಹುಡುಕ್ಬೇಕು, ಬೆರಳು ಒದ್ದೆ ಇದ್ರೆ ಒತ್ತಿದ್ದೇ ಒಂದು ಆಗೋದೇ ಇನ್ನೊಂದು. ಗಂಟೆಗೆ 80 ಕಿ.ಮೀ. ಸ್ಪೀಡಲ್ಲಿ ಒಂದು ಸೆಕೆಂಡಿಗೆ ಗಾಡಿ 22 ಮೀಟರ್ ಓಡತ್ತೆ ಸ್ವಾಮಿ! ಅದೂ ಮುಂದೆ ಏನೂ ಕಾಣ್ದೇ ಇರೋ ಹೊತ್ತಲ್ಲಿ ಕಣ್ಣು ಕೆಳಗೆ. ನನ್ನ ಹಳೇ ಕಾರಲ್ಲಿ ನಾಬ್ ಇತ್ತು, ನೋಡ್ದೇನೇ ತಿರುಗಿಸ್ತಿದ್ದೆ. ಇದರ ಮೇಲೆ ಒಂದು ಸಾಫ್ಟ್‌ವೇರ್ ಅಪ್ಡೇಟ್ ಬಂದು, ಅಷ್ಟು ದಿನ ಕೈಗೆ ಅಭ್ಯಾಸ ಆಗಿದ್ದ ಐಕಾನನ್ನೇ ಬೇರೆ ಮೂಲೆಗೆ ಹಾಕಿಬಿಡ್ತು.

ಇದು ನನ್ನೊಬ್ಬನ ಗೋಳಲ್ಲ. 2022ರಲ್ಲಿ ಸ್ವೀಡನ್ನಿನ ವಿ ಬಿಲೇಗರೆ ಅನ್ನೋ ಕಾರು ಪತ್ರಿಕೆಯವರು 110 ಕಿ.ಮೀ. ವೇಗದಲ್ಲಿ ಇಂಥವೇ ಕೆಲ್ಸಗಳನ್ನ ಮಾಡಿಸಿ ನೋಡಿದ್ರು, 2005ರ ಹಳೇ ವೋಲ್ವೋ ವಿ70 ಬಟನ್‌ಗಳಲ್ಲಿ 10 ಸೆಕೆಂಡ್ ಸಾಕಾಯ್ತು, ಸ್ಕ್ರೀನ್ ತುಂಬಿದ ಕಾರುಗಳಲ್ಲಿ ಒಂದಕ್ಕೆ 44 ಸೆಕೆಂಡ್ ಮೀರಿತ್ತು. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡೋ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ಎಸ್‌ಒಎಸ್ (ತುರ್ತು ಕರೆ) ಇಷ್ಟಕ್ಕೆ ನಿಜವಾದ ಬಟನ್ನೋ ಲಿವರ್ರೋ ಇರ್ಬೇಕು ಅಂತ ಅಂಕ ಇಟ್ಟಿದೆ. ಒಳ್ಳೇದಾಯ್ತು, ಆದ್ರೆ ಡಿಫಾಗರ್ ಆ ಪಟ್ಟಿಲಿ ಇಲ್ವಲ್ಲ, ಅದೇ ನಂಗೆ ಬೇಜಾರು.

ಇವಿ ಬಿಟ್ಟು ಪೆಟ್ರೋಲಿಗೆ ವಾಪಸ್ ಹೋಗ್ತೀಯಾ ಅಂದ್ರೆ ಖಂಡಿತ ಇಲ್ಲ. ಇಎಂಐ ಇನ್ನೂ ನಡೀತಿದೆ, ಹಾಗಾಗಿ ಈಗ ಬದಲಾಯಿಸೋ ಮಾತೂ ಇಲ್ಲ. ಮುಂದಿನ ಸಲ ರೇಂಜ್ ಒಂದಿಷ್ಟು ಕಮ್ಮಿ ಇದ್ರೂ ಎಸಿಗೆ ನಾಬ್ ಇರೋದನ್ನೇ ತಗೊಳ್ಳೋದು. ನೀವು ಟೆಸ್ಟ್ ಡ್ರೈವಿಗೆ ಹೋದ್ರೆ ಪಿಕಪ್ ನೋಡೋ ಮುಂಚೆ ಗಾಡಿ ನಿಲ್ಲಿಸಿ ಡಿಫಾಗ್, ಫ್ಯಾನ್ ಸ್ಪೀಡ್, ವೈಪರ್ ಮೂರೂ ಒಂದ್ಸಲ ಹುಡುಕಿ ನೋಡಿ. ಆಗ್ಲೇ ತಗೊಂಡಿರೋರು ಸ್ಟೀರಿಂಗಲ್ಲಿ ನಮಗೆ ಬೇಕಾದ್ದಕ್ಕೆ ಸೆಟ್ ಮಾಡ್ಕೊಳ್ಳೋ ಬಟನ್ ಇದ್ಯಾ ಅಂತ ಸೆಟ್ಟಿಂಗ್ಸಲ್ಲಿ ನೋಡಿ, ಇದ್ರೆ ಅದನ್ನ ಹಾಡಿಗೆ ಬಿಡ್ಬೇಡಿ, ಮುಂದಿನ ಗಾಜಿನ ಡಿಫಾಗ್‌ಗೆ ಇಟ್ಕೊಳ್ಳಿ.