ಟ್ಯೂಬ್, ಡಯಾಪರ್, ಬಾಟಲಿ: ಅಪ್ಪನ ಹತ್ತು ತಿಂಗಳು

ಅಪ್ಪನಿಗೆ ಲಕ್ವ ಹೊಡೆದು ಹತ್ತು ತಿಂಗಳಾಯಿತು. ಬಲಗೈ, ಬಲಗಾಲಿನಲ್ಲಿ ಶಕ್ತಿ ಇಲ್ಲ. ಮಾತು ನಿಂತಿದೆ. ನೋಡಲು ಬಂದವರೆಲ್ಲ 'ನಡೀತಾರಾ? ಮಾತಾಡ್ತಾರಾ?' ಅಂತ ಕೇಳುತ್ತಾರೆ. 'ಒಂದಕ್ಕೆ ಹೇಗೆ ಹೋಗ್ತಾರೆ?' ಅಂತ ಒಬ್ಬರೂ ಕೇಳಲಿಲ್ಲ. ಆದರೆ ನಮ್ಮ ನಿದ್ದೆ ಕೆಟ್ಟಿದ್ದು, ಅಪ್ಪ ಕಣ್ಣೀರು ಹಾಕಿದ್ದು ಜಾಸ್ತಿ ಅದಕ್ಕೇ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಲಕ್ವ ಹೊಡೆದು ಆಸ್ಪತ್ರೆ ಸೇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಶುರುವಿನಲ್ಲಿ ಮೂತ್ರ ಹಿಡಿತದಲ್ಲಿ ಇರುವುದಿಲ್ಲ. ಹಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ವರ್ಷ ಕಳೆದರೂ ಉಳಿಯುತ್ತದೆ. ನಾವು ನಾಲ್ಕು ದಾರಿ ನೋಡಿದೆವು. ಈಗಷ್ಟೇ ಮನೆಗೆ ಕರೆತಂದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಒಳಗೆ ಹಾಕುವ ಟ್ಯೂಬ್, ಫೋಲೀಸ್ ಕ್ಯಾಥೆಟರ್. ಆಸ್ಪತ್ರೆಯಲ್ಲೇ ಹಾಕಿದ್ದರು, ಅದರ ಜೊತೆಗೇ ಮನೆಗೆ ಕಳಿಸಿದರು. ಹಾಸಿಗೆ ಒದ್ದೆ ಆಗುತ್ತಿರಲಿಲ್ಲ, ರಾತ್ರಿ ಏಳಬೇಕಿರಲಿಲ್ಲ. ಮೊದಲ ವಾರ ಇದಕ್ಕಿಂತ ಸುಲಭ ಏನಿದೆ ಅನ್ನಿಸಿತ್ತು. ಎರಡನೇ ವಾರ ಅಪ್ಪ ನಿದ್ದೆಗಣ್ಣಿನಲ್ಲಿ ಅದನ್ನು ಎಳೆದರು. ಟ್ಯೂಬಿನ ತುದಿಯಲ್ಲಿ ನೀರು ತುಂಬಿದ ಪುಟ್ಟ ಬಲೂನ್ ಇರುತ್ತದೆ, ಅದಕ್ಕೇ ಅದು ಒಳಗೆ ನಿಲ್ಲುವುದು. ಎಳೆದಾಗ ರಕ್ತ ಬಂತು. ಆಮೇಲೆ ಬ್ಯಾಗಿನಲ್ಲಿ ಮೂತ್ರ ಮಬ್ಬಾಯಿತು, ಚಳಿಜ್ವರ ಬಂತು, ಅಪ್ಪ ನನ್ನ ಗುರುತು ಹಿಡಿಯದ ಹಾಗೆ ಮಂಕಾದರು. ಇನ್ನೊಂದು ಸಲ ಸ್ಟ್ರೋಕ್ ಆಯಿತು ಅಂತ ಓಡಿದೆವು. ಇನ್ಫೆಕ್ಷನ್ ಆಗಿತ್ತು. ಟ್ಯೂಬ್ ಒಳಗಿದ್ದಷ್ಟು ದಿನ ಅದರ ಭಯ ದಿನದಿನಕ್ಕೂ ಏರುತ್ತದೆ. ಬ್ಯಾಗನ್ನು ಯಾವಾಗಲೂ ಮೂತ್ರಕೋಶದ ಮಟ್ಟಕ್ಕಿಂತ ಕೆಳಗೆ ನೇತುಹಾಕಬೇಕು, ಇಲ್ಲದಿದ್ದರೆ ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಮೂತ್ರ ಕಟ್ಟಿಕೊಂಡವರಿಗೆ ಟ್ಯೂಬ್ ಬೇಕೇ ಬೇಕು. ನಮಗೆ ಅನುಕೂಲ ಅಂತ ಮಾತ್ರ ಇಡಿಸಿಕೊಳ್ಳಬೇಡಿ. 'ಯಾವತ್ತು ತೆಗೀತೀರಾ?' ಅಂತ ಡಿಸ್ಚಾರ್ಜ್ ದಿನವೇ ಕೇಳಿ.

ತೆಗೆದ ಮೇಲೆ ಡಯಾಪರ್. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಮೊದಲು ಕೈಗೆ ಬರುವುದೇ ಅದು. ದಿನಕ್ಕೆ ನಾಲ್ಕು ಬೇಕಾಗುತ್ತಿತ್ತು, ತಿಂಗಳ ಖರ್ಚು ದಿನಸಿ ಖರ್ಚಿನ ಹತ್ತಿರ ಹೋಯಿತು. ದುಡ್ಡಿಗಿಂತ ಬೇಜಾರಾದದ್ದು ಬೇರೆ. ಹದಿನೈದು ದಿನದಲ್ಲಿ ತೊಡೆಸಂದು ಕೆಂಪಗೆ ಸುಲಿಯಿತು. ಬದಲಿಸುವಾಗ ಅಪ್ಪ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಸ್ವಲ್ಪ ದಿನದಲ್ಲಿ ನೀರು ಕುಡಿಯುವುದನ್ನೇ ಬಿಟ್ಟರು. ಲೋಟ ಕೊಟ್ಟರೆ ತುಟಿ ಬಿಗಿ. ಮೂತ್ರ ಕಡು ಹಳದಿ ಆಯಿತು, ಮಲಬದ್ಧತೆ ಬಂತು. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನೂ ಕೆರಳಿಸುತ್ತದೆ, ಮಲ ಕಟ್ಟಿದರೂ ಅಷ್ಟೇ.

ಮೂರನೆಯದು ಕಾಂಡೋಮ್ ಕ್ಯಾಥೆಟರ್. ಒಳಗೆ ಏನೂ ಹೋಗುವುದಿಲ್ಲ, ಹೊರಗಿನಿಂದ ತೊಡಿಸಿ ಬ್ಯಾಗಿಗೆ ಜೋಡಿಸುವುದು. ಅಳತೆ ನೋಡಿ ತರಬೇಕು. ದೊಡ್ಡದಾದರೆ ನಡುರಾತ್ರಿ ಕಳಚುತ್ತದೆ, ನಮಗೆ ಎರಡು ಸಲ ಆಯಿತು. ಬಿಗಿಯಾದರೆ ರಕ್ತ ಓಡಾಟ ನಿಂತು ಗಾಯ ಆಗುತ್ತದೆ. ದಿನಕ್ಕೊಮ್ಮೆ ತೆಗೆದು, ತೊಳೆದು, ಒಣಗಿಸಿ, ಚರ್ಮ ನೋಡಿ ಹೊಸದು ಹಾಕಬೇಕು. ರಾತ್ರಿಗೆ ಚೆನ್ನಾಗಿದೆ. ಹೆಂಗಸರಿಗೆ ಈ ದಾರಿ ಇಲ್ಲ, ಅವರಿಗೆ ಮಂಚದ ಪಕ್ಕ ಕಮೋಡ್ ಚೇರ್ ಇಡುವುದು ವಾಸಿ.

ನಾಲ್ಕನೆಯದನ್ನು ಹೇಳಿಕೊಟ್ಟದ್ದು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ. ಒಂದು ಬಾಟಲಿ, ಒಂದು ಗಡಿಯಾರ, ಒಂದು ನೋಟ್‌ಬುಕ್. ಅವಳು ಮೊದಲು ಕೇಳಿದ್ದು, 'ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತೆ, ಸ್ಕ್ಯಾನ್ ಮಾಡಿಸಿದ್ದೀರಾ?' ಅಂತ. ಮಾಡಿಸಿದೆವು. ಹೆಚ್ಚೇನೂ ಉಳಿಯುತ್ತಿರಲಿಲ್ಲ. ಜಾಸ್ತಿ ಉಳಿದಿದ್ದರೆ ಸೋರುವುದು ತುಂಬಿ ತುಳುಕಿದ್ದರಿಂದ, ಆಗ ಚಿಕಿತ್ಸೆಯೇ ಬೇರೆ. ಅಪ್ಪನ ತೊಂದರೆ ಇನ್ನೊಂದು ಥರ. ಚಿಕ್ಕ ಮಕ್ಕಳಾಗಿದ್ದಾಗಿನಿಂದ ನಮ್ಮ ಮೆದುಳು ಮೂತ್ರಕೋಶಕ್ಕೆ 'ತಡಿ, ಈಗ ಬೇಡ' ಅನ್ನುವುದನ್ನು ಕಲಿತಿರುತ್ತದೆ. ಲಕ್ವದಲ್ಲಿ ಆ ಹಿಡಿತ ತಪ್ಪಿತ್ತು. ಅವಸರ ಬಂತು ಅಂದರೆ ಬಂತೇ, ಅರ್ಧ ನಿಮಿಷ ಕೂಡ ತಾಳುತ್ತಿರಲಿಲ್ಲ. ಹೇಳೋಣ ಅಂದರೆ ಬಾಯಿ ಇಲ್ಲ.

ಮೂರು ದಿನ ಸಮಯ, ಅಳತೆ ಬರೆದೆವು. ಬೆಳಿಗ್ಗೆ ಕಾಫಿ ಕುಡಿದ ಮುಕ್ಕಾಲು ಗಂಟೆಗೆ ಒಂದು ಸಲ. ಆಮೇಲೆ ಎರಡು, ಎರಡೂವರೆ ಗಂಟೆಗೊಮ್ಮೆ, ಪ್ರತಿ ಸಲ 150ರಿಂದ 200 ಮಿ.ಲೀ. ಆಮೇಲಿಂದ ಅವಸರ ಬರುವ ಮೊದಲೇ ನಾವೇ ಕೇಳತೊಡಗಿದೆವು. ಮಲಗಿದಲ್ಲೇ ಬಾಟಲಿ ಹಿಡಿಯುವುದನ್ನು ಬಿಟ್ಟೆವು. ಮಂಚದ ಅಂಚಿಗೆ ಕೂರಿಸಿ ಪಾದ ನೆಲಕ್ಕೆ ಊರಿಸಿದರೆ ಪೂರ್ತಿ ಖಾಲಿಯಾಗುತ್ತದೆ. ಲಾಡಿ ಪೈಜಾಮ ಹೋಯಿತು, ಪಂಚೆ ಬಂತು. ಒಂದು ಕೈಯಲ್ಲಿ ಲಾಡಿ ಗಂಟು ಬಿಚ್ಚುವುದು ಎಷ್ಟು ಕಷ್ಟ ಅಂತ ನೀವೇ ಒಂದು ಸಲ ನೋಡಿ. ಬಾಟಲಿಯನ್ನು ಮಂಚದ ಎಡಗಡೆ ಕೊಕ್ಕೆಗೆ ಸಿಕ್ಕಿಸಿದೆವು, ಅವರ ಒಳ್ಳೆ ಕೈಗೆ ಎಟುಕುವ ಹಾಗೆ. ನೀರು ಹಗಲೆಲ್ಲ ಧಾರಾಳ, ಸಂಜೆ ಆರರ ಮೇಲೆ ಕಡಿಮೆ.

ಮೊದಲ ಎರಡು ವಾರ ಸೋತೆವು ಅಂತಲೇ ಅನ್ನಿಸಿತ್ತು. ದಿನಕ್ಕೆ ಮೂರು ಪಂಚೆ ಒದ್ದೆ. ಅಮ್ಮ 'ಡಯಾಪರ್ರೇ ಹಾಕಿಬಿಡೋಣ, ಇಬ್ಬರಿಗೂ ನೆಮ್ಮದಿ' ಅಂದರು. ಆ ಮಾತಿಗೆ ಅವರನ್ನು ತಪ್ಪು ಹೇಳಲಾರೆ, 65 ವರ್ಷ ಅವರಿಗೆ. ಐದನೇ ವಾರದ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿದ್ದೆ. ಟಕ್ ಟಕ್ ಅಂತ ಶಬ್ದ. ಹೋಗಿ ನೋಡಿದರೆ ಅಪ್ಪ ಎಡಗೈಯಿಂದ ಬಾಟಲಿಯನ್ನು ಮಂಚದ ಕಂಬಿಗೆ ತಟ್ಟುತ್ತಿದ್ದರು. ಪಂಚೆ ಒಣಗೇ ಇತ್ತು. ಎರಡು ಸಲ ತಟ್ಟಿದರೆ ಒಂದಕ್ಕೆ ಅನ್ನುವ ಭಾಷೆಯನ್ನು ಅವರೇ ಮಾಡಿಕೊಂಡರು, ನಾವು ಕಲಿಸಿದ್ದಲ್ಲ.

ಮಾತ್ರೆಯೂ ಇದೆ, ಮೂತ್ರಕೋಶದ ಅವಸರ ತಗ್ಗಿಸುವುದು. ಅಪ್ಪನಿಗೆ ಹತ್ತು ದಿನ ಕೊಟ್ಟೆವು. ಬಾಯಿ ಒಣಗಿತು, ಮಂಪರು ಜಾಸ್ತಿಯಾಯಿತು, ಡಾಕ್ಟರೇ ನಿಲ್ಲಿಸಿದರು. ಕೆಲವರಿಗೆ ಒಗ್ಗುತ್ತದೆ, ಆದರೆ ವಯಸ್ಸಾದವರ ನೆನಪು, ಎಚ್ಚರದ ಮೇಲೆ ಕಣ್ಣಿಡಬೇಕು.

ಈಗ ಹಗಲು ಬಾಟಲಿ, ರಾತ್ರಿ ಕಾಂಡೋಮ್ ಕ್ಯಾಥೆಟರ್. ಡಯಾಪರ್ ಪ್ಯಾಕ್ ಒಂದು ಬೀರುವಿನಲ್ಲಿದೆ, ಭೇದಿ ಆದಾಗ ಬೇಕಾಗುತ್ತದೆ. ರಾತ್ರಿ ಅಮ್ಮ ಐದು ಗಂಟೆ ಒಂದೇ ಸಮ ಮಲಗುತ್ತಾರೆ.

ಹೋದ ತಿಂಗಳು ತಂಗಿ ಮಗುವಿನ ನಾಮಕರಣಕ್ಕೆ ತಿಪಟೂರಿನಿಂದ ಹಾಸನಕ್ಕೆ ಹೊರಟೆವು. ಲಕ್ವ ಹೊಡೆದ ಮೇಲೆ, ಆಸ್ಪತ್ರೆ ಬಿಟ್ಟರೆ ಅಪ್ಪ ಮನೆಯಿಂದ ಹೊರಗೆ ಬಂದದ್ದು ಅದೇ ಮೊದಲು. ಅರಸೀಕೆರೆ ದಾಟಿದ ಮೇಲೆ ಕಾರಿನ ಬಾಗಿಲನ್ನು ಎರಡು ಸಲ ತಟ್ಟಿದರು. ತಮ್ಮ ಹುಣಸೆಮರದ ಕೆಳಗೆ ನಿಲ್ಲಿಸಿದ. ನಾನು ಟವೆಲ್ ಅಡ್ಡ ಹಿಡಿದೆ. 180 ಮಿ.ಲೀ. ಬುಕ್ಕಿನಲ್ಲಿ ಬರೆದುಕೊಂಡೆ.