2015ರ ಗಿಬ್ಸನ್ ಲೆಸ್ ಪಾಲ್: ಒಳ್ಳೆಯ ಗಿಟಾರಿನ ತಲೆಗೆ ಬೇಡದ ಮೋಟಾರು

ಗಿಟಾರ್ ಸೆಟಪ್ ಮಾಡುವುದು ನನ್ನ ಕಸುಬು. ಸವೆದ ಫ್ರೆಟ್ (ಬೆರಳಿಡುವ ಕಡೆಯ ಲೋಹದ ಅಡ್ಡಪಟ್ಟಿ) ಉಜ್ಜುತ್ತೇನೆ, ಬಾಗಿದ ನೆಕ್, ಅಂದರೆ ಗಿಟಾರಿನ ಕತ್ತು, ಸರಿಪಡಿಸುತ್ತೇನೆ, ಹಳೇ ವೈರಿಂಗ್ ಬಿಚ್ಚಿ ಹೊಸದಾಗಿ ಬೆಸೆಯುತ್ತೇನೆ. ಸೆಕೆಂಡ್ ಹ್ಯಾಂಡ್ ಗಿಟಾರ್ ಹುಡುಕುವ ಹುಡುಗರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು: "ಸಾರ್, 2015ರ ಲೆಸ್ ಪಾಲ್ ಬೇರೆ ವರ್ಷದ್ದಕ್ಕಿಂತ ಕಮ್ಮಿಗೆ ಸಿಗ್ತಿದೆ, ತಗೋಬಹುದಾ?"

ತಗೊಳ್ಳಬಹುದು. ಆದರೆ ಯಾಕೆ ಕಮ್ಮಿಗೆ ಸಿಗುತ್ತಿದೆ ಎಂಬುದು ಗೊತ್ತಿರಲಿ. 1902ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂನಲ್ಲಿ ಶುರುವಾದ, ಲೆಸ್ ಪಾಲ್ ಗಿಟಾರ್ ಮಾಡುವ ಗಿಬ್ಸನ್ ಕಂಪನಿ 2018ರ ಮೇ 1ರಂದು ದಿವಾಳಿ ಅರ್ಜಿ ಹಿಡಿದು ಕೋರ್ಟಿಗೆ ಹೋಯಿತಲ್ಲ, ಅದಕ್ಕೆ ಮೊದಲು ಅಲ್ಲಿ ಏನೇನು ನಡೆಯಿತು ಅನ್ನುವುದರ ಗುರುತು ಈ ಒಂದು ವಾದ್ಯದ ಮೇಲೇ ಇದೆ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಮಹೋಗನಿ ಒಡಲು, ಮೇಲೆ ಮೇಪಲ್ ಹೊದಿಕೆ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಹಂಬಕರ್ ಪಿಕಪ್. ಹಂಬಕರ್ ಅನ್ನು 1955ರಲ್ಲಿ ರೂಪಿಸಿದ ಸೇತ್ ಲವರ್ ಗಿಬ್ಸನ್‌ನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿದ್ದವರು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಕರೆಂಟಿನ ಗುಂಯ್‌ಗುಡುವಿಕೆ ತಾನೇ ತಾನಾಗಿ ಕಳೆದುಹೋಗುವಂತೆ ಮಾಡಿದರು. ಗಿಬ್ಸನ್ ಬರೀ ಮರಗೆಲಸದ ಕಂಪನಿ ಆಗಿರಲಿಲ್ಲ. 1930ರ ದಶಕದಲ್ಲೇ ಎಲೆಕ್ಟ್ರಿಕ್ ಗಿಟಾರಿನ ಜೊತೆಗೆ ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ತನ್ನ ಹೆಸರಿನಲ್ಲಿ ಮಾರುತ್ತಿತ್ತು. ಆ ತಿಳಿವಳಿಕೆ 2015ರ ಗಿಟಾರಿನಲ್ಲೂ ಉಳಿದಿದೆ. ವಾಲ್ವ್ ಆಂಪಿಗೆ ಸಿಕ್ಕಿಸಿ, ನೆಕ್ ಪಿಕಪ್ ಹಾಕಿ, ವಾಲ್ಯೂಮ್ ಗುಂಡಿಯನ್ನು ಆರರ ಹತ್ತಿರ ತಂದು ನುಡಿಸಿ ನೋಡಿ: ನಾದ ತುಂಬಿಕೊಂಡೇ ಇರುತ್ತದೆ, ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿಸುತ್ತದೆ.

ಇನ್ನು ತಲೆಯ ಕಡೆ ಬನ್ನಿ. ಬಿರಡೆಗಳ ಹಿಂದೆ ಒಂದು ಕಪ್ಪು ಪೆಟ್ಟಿಗೆ. ಅದೇ ಜಿ ಫೋರ್ಸ್. ಆರೂ ತಂತಿ ಮೀಟಿದರೆ ಪುಟ್ಟ ಮೋಟಾರುಗಳು ತಾವೇ ಬಿರಡೆ ತಿರುಗಿಸಿ ಶ್ರುತಿ ಕೂಡಿಸುತ್ತವೆ. 2007ರ 'ರೋಬೋಟ್ ಗಿಟಾರ್'ನಿಂದ ಬೆಳೆದುಬಂದ ಕಲ್ಪನೆ ಇದು. ಬೇಕಾದವರು ಕೊಳ್ಳಲಿ ಎಂದು ಬಿಟ್ಟಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಒಂದೇ ಕಛೇರಿಯಲ್ಲಿ ನಾಲ್ಕಾರು ಬಗೆಯ ಟ್ಯೂನಿಂಗ್ ಬಳಸುವವರಿಗೆ, ಸ್ಲೈಡ್ ನುಡಿಸುವವರಿಗೆ ಇದು ನಿಜವಾಗಿ ಉಪಯೋಗದ ವಸ್ತು. ಆದರೆ 2015ರಲ್ಲಿ ಅಮೆರಿಕದಲ್ಲಿ ತಯಾರಾದ ಎಲೆಕ್ಟ್ರಿಕ್ ಗಿಟಾರುಗಳ ಪೈಕಿ ಬಹುಪಾಲಿಗೆ ಇದನ್ನು ಕಡ್ಡಾಯವಾಗಿ ಕೂರಿಸಿದರು. ಜೊತೆಗೆ ನೆಕ್ ಅಗಲವಾಯಿತು, ತಂತಿಗಳು ತಲೆಗೆ ಹೋಗುವ ಮುನ್ನ ಕೂರುವ ಕಚ್ಚಿನ ಪಟ್ಟಿಯಾದ ಮೂಳೆ ಬಣ್ಣದ ನಟ್ ಹೋಗಿ ಹಿತ್ತಾಳೆಯ ನಟ್ ಬಂತು, ಈ ಗಿಟಾರಿಗೆ ಹೆಸರು ಕೊಟ್ಟ ಗಿಟಾರ್ ವಾದಕ ಲೆಸ್ ಪಾಲ್ ಅವರ ನೂರನೇ ಜನ್ಮವರ್ಷದ ನೆಪದಲ್ಲಿ ತಲೆಯ ಮುಂದೆ ಹೊಸ ಸಹಿ, ಹಿಂದೆ ಹೊಲೋಗ್ರಾಂ. ಬೆಲೆಯನ್ನೂ ಏರಿಸಿದರು.

ನನ್ನ ಕಸುಬಿನವರಿಗೆ ಸಂಕಟವಾಗುವುದು ಇಲ್ಲಿ. ಲೆಸ್ ಪಾಲ್‌ನ ಜಿ ತಂತಿ ಶ್ರುತಿ ಬಿಡುತ್ತದೆ ಎನ್ನುವುದು ಹಳೇ ಮಾತು. ಕಾರಣವೂ ಗೊತ್ತಿರುವುದೇ. ಆ ತಲೆಯ ಆಕಾರದಲ್ಲಿ ಡಿ ಮತ್ತು ಜಿ ತಂತಿಗಳು ನಟ್ ದಾಟಿದ ಕೂಡಲೇ ಹೊರಕ್ಕೆ ಓರೆಯಾಗಿ ಬಿರಡೆಗೆ ಹೋಗುತ್ತವೆ, ತಲೆಯೂ ಹಿಂದಕ್ಕೆ ಬಾಗಿರುತ್ತದೆ. ತಂತಿಯನ್ನು ಎಳೆದು ನುಡಿಸಿದಾಗ ಅದು ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡು ಪೂರ್ತಿ ವಾಪಸಾಗುವುದಿಲ್ಲ. ಬಿರಡೆ ತಿರುಗಿಸುವಾಗ 'ಟಿಕ್' ಎಂದರೆ ಕಾಯಿಲೆ ಅದೇ. ತಂತಿಯ ದಪ್ಪಕ್ಕೆ ಸರಿಯಾದ ಅರದಿಂದ ಕಚ್ಚನ್ನು ಬಿರಡೆಯ ದಿಕ್ಕಿಗೆ ತುಸು ಓರೆಯಾಗಿ ಉಜ್ಜಿ, ಪೆನ್ಸಿಲ್ ಸೀಸದ ಪುಡಿ ಸವರಿದರೆ ಬಹುತೇಕ ಸರಿಹೋಗುತ್ತದೆ. ಕೈ ಪಳಗಿದವರಿಗೆ ಅರ್ಧ ಗಂಟೆಯೂ ಬೇಡದ ಕೆಲಸಕ್ಕೆ ಬ್ಯಾಟರಿ, ಮೋಟಾರು, ಸರ್ಕ್ಯೂಟು! ತಂತಿ ಸಿಕ್ಕಿಕೊಳ್ಳುವುದನ್ನು ಮೋಟಾರು ತಪ್ಪಿಸುವುದಿಲ್ಲ. ಶ್ರುತಿ ಬಿಟ್ಟ ಮೇಲೆ ಮತ್ತೆ ಕೂಡಿಸುತ್ತದೆ, ಅಷ್ಟೆ. ಬೆಂಚಿನ ಮುಂದೆ ಕೂತ ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು.

ಫ್ರೆಟ್‌ಬೋರ್ಡ್, ಅಂದರೆ ನೆಕ್ ಮೇಲೆ ಬೆರಳಿಡುವ ಹಲಗೆಯ ಬಗ್ಗೆ ನಮ್ಮವರಿಗೆ ಹೇಳಲೇಬೇಕಾದ ಸಂಗತಿ ಇದೆ. ಗಿಟಾರ್ ಲೋಕದಲ್ಲಿ ಇಂಡಿಯನ್ ರೋಸ್‌ವುಡ್ ಎನ್ನುವುದು ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಳೆಯುವ ಬೀಟೆಯೇ. ಹಳೇ ಮನೆಗಳ ಮಂಚ, ಪೆಟ್ಟಿಗೆಗಳಲ್ಲಿ ನೋಡಿರುತ್ತೀರಿ, ಅದೇ ನೇರಳೆ ಛಾಯೆಯ ಕಂದು ಬಣ್ಣ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್‌ನ ನ್ಯಾಶ್‌ವಿಲ್ ಮತ್ತು ಮೆಂಫಿಸ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿದ್ದು ಭಾರತದಿಂದ ತರಿಸಿದ ಬೀಟೆ ಮತ್ತು ಕರಿಮರದ ಪಟ್ಟಿಗಳಿಗಾಗಿ. ಪೂರ್ತಿ ಸಿದ್ಧವಾಗದ ಮರವನ್ನು ಭಾರತದ ರಫ್ತು ನಿಯಮ ಮೀರಿ ತರಿಸಲಾಗಿದೆ ಎಂಬುದು ಶಂಕೆ. ಅದಕ್ಕೂ ಮೊದಲು 2009ರಲ್ಲಿ ನಡೆದ ದಾಳಿ ಮಡಗಾಸ್ಕರ್ ಕರಿಮರಕ್ಕೆ ಸಂಬಂಧಿಸಿದ್ದು. 2012ರಲ್ಲಿ 3 ಲಕ್ಷ ಡಾಲರ್ ದಂಡ ಕಟ್ಟಿ ಕಂಪನಿ ರಾಜಿ ಮಾಡಿಕೊಂಡಿತು. ಭಾರತದ ಮರ ಅದಕ್ಕೆ ವಾಪಸ್ ಸಿಕ್ಕಿತು. ಈ ನಡುವೆ ಬೀಟೆ ಇಲ್ಲದೆ, ಹುರಿದ ಮೇಪಲ್ ಹಾಕಿದ ಗಿಟಾರುಗಳೂ ಬಂದವು. ಹಾಗಾಗಿ 2012ರ ಆಸುಪಾಸಿನ ಗಿಟಾರ್ ಕೊಳ್ಳುವವರು ಫ್ರೆಟ್‌ಬೋರ್ಡ್ ಯಾವ ಮರದ್ದು ಎಂದು ಕೇಳಿಯೇ ಕೊಳ್ಳಿ.

ಕಂಪನಿ ಮುಳುಗಿದ್ದು ಮರದಿಂದಲ್ಲ, ಗಿಟಾರಿನಿಂದಲೂ ಅಲ್ಲ. ಗಿಟಾರ್ ವ್ಯವಹಾರ ದಿವಾಳಿಯ ಹೊತ್ತಿನಲ್ಲೂ ಲಾಭದಲ್ಲೇ ಇತ್ತು. ಇದಕ್ಕೂ ಮೊದಲು, 1969ರ ನಂತರ ನಾರ್ಲಿನ್ ಒಡೆತನದಲ್ಲಿ ಗುಣಮಟ್ಟ ಇಳಿದು, 1984ರಲ್ಲಿ ಕಲಮಜೂ ಕಾರ್ಖಾನೆಯೇ ಮುಚ್ಚಿತ್ತು. ಅಲ್ಲಿನ ಕೆಲಸಗಾರರಲ್ಲಿ ಕೆಲವರು ಅದೇ ಕಟ್ಟಡದಲ್ಲಿ ಹೆರಿಟೇಜ್ ಹೆಸರಿನಲ್ಲಿ ಗಿಟಾರ್ ಮಾಡತೊಡಗಿದರು. 1986ರಲ್ಲಿ ಹೆನ್ರಿ ಜಸ್ಕೆವಿಚ್ ಮತ್ತು ಜೊತೆಗಾರರು ಸುಮಾರು 50 ಲಕ್ಷ ಡಾಲರ್‌ಗೆ ಕೊಂಡು ಗಿಬ್ಸನ್ ಅನ್ನು ಮತ್ತೆ ಎತ್ತಿ ನಿಲ್ಲಿಸಿದರು. ಆ ಕೆಲಸಕ್ಕೆ ನನ್ನ ಪೂರ್ಣ ಗೌರವವಿದೆ. ಆಮೇಲೆ ಅವರ ಕಣ್ಣು ಹೆಡ್‌ಫೋನ್, ಹೋಮ್ ಥಿಯೇಟರ್ ಕಡೆ ಹೊರಳಿತು. 2014ರಲ್ಲಿ ಫಿಲಿಪ್ಸ್‌ನ ಆಡಿಯೊ ವ್ಯವಹಾರವನ್ನು 13.5 ಕೋಟಿ ಡಾಲರ್‌ಗೆ ಕೊಂಡರು. ಸಾಲ ಬೆಳೆಯಿತು. 2013ರಲ್ಲಿ ಕೊಂಡಿದ್ದ, ಸಂಗೀತ ಮುದ್ರಿಸುವ ಕೇಕ್‌ವಾಕ್ ಸಾಫ್ಟ್‌ವೇರನ್ನು 2017ರಲ್ಲಿ ಕೈಬಿಟ್ಟರು. ಬಿರಡೆಗೆ ಮೋಟಾರು ಕೂರಿಸಿದ ತಲೆ, ಹೆಡ್‌ಫೋನ್ ಕಂಪನಿಗೆ ದುಡ್ಡು ಸುರಿದ ತಲೆ, ಎರಡೂ ಒಂದೇ. ಗಿಟಾರ್ ಕಂಪನಿ ಆಗಿರುವುದು ಅವರಿಗೆ ಸಾಲದಾಗಿತ್ತು.

2018ರ ಕೊನೆಗೆ ಕಂಪನಿ ಕೆಕೆಆರ್ ಎಂಬ ಹೂಡಿಕೆ ಸಂಸ್ಥೆಯ ಕೈಗೆ ಹೋಯಿತು. 2021ರಲ್ಲಿ ಮೆಸಾ ಬೂಗಿ ಆಂಪ್ ಕಂಪನಿಯನ್ನು ಸೇರಿಸಿಕೊಂಡಿತು, 2024ರಲ್ಲಿ ಫಾಲ್ಕನ್ ಎಂಬ ವಾಲ್ವ್ ಆಂಪನ್ನು ಗಿಬ್ಸನ್ ಹೆಸರಿನಲ್ಲೇ ತಂದಿತು. ಕೊಳ್ಳುವುದಿದ್ದರೆ ಇಂಥದ್ದನ್ನು ಕೊಳ್ಳಬೇಕಿತ್ತು, ಆಗಲೇ.

ಈಗ ಕೊಳ್ಳುವವರಿಗೆ. ಮೋಟಾರು ತೆಗೆಯಬಹುದು, ಹೊಸ ಸ್ಕ್ರೂ ತೂತು ಕೊರೆಯದೆ ಕೂರುವ ಬಿರಡೆಗಳು ಸಿಗುತ್ತವೆ. ಹಿತ್ತಾಳೆ ನಟ್ ಕೂಡ ಬದಲಿಸಬಹುದು. ನೆಕ್‌ನ ಅಗಲ ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಮೊದಲು ಒಂದೇ ಬೆರಳಲ್ಲಿ ಆರೂ ತಂತಿ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿದು, ಹೆಬ್ಬೆರಳನ್ನು ಮೇಲಿಂದ ಸುತ್ತಿ ಹಿಡಿದು ನೋಡಿ. ದೊಡ್ಡ ಕೈಯವರಿಗೆ ಆರಾಮ, ಸಣ್ಣ ಕೈಯವರು ದಣಿಯುತ್ತಾರೆ. ಆಮೇಲೆ ನಟ್‌ನ ಹಿಂದೆ, ನೆಕ್ ತಲೆಗೆ ಸೇರುವ ಕಡೆ ಟಾರ್ಚ್ ಓರೆಯಾಗಿ ಹಿಡಿದು ಉಗುರು ಸವರಿ. ಲೆಸ್ ಪಾಲ್ ಬಿದ್ದರೆ ಮುರಿಯುವುದು ಅಲ್ಲೇ. ಅಂಟಿಸಿದ್ದರೆ ಗೆರೆ ಉಗುರಿಗೆ ಸಿಗುತ್ತದೆ, ಬೆಲೆ ಇಳಿಸಿ ಎಂದು ಧೈರ್ಯವಾಗಿ ಕೇಳಿ. ತೆಗೆದ ಜಿ ಫೋರ್ಸ್ ಎಸೆಯಬೇಡಿ. ಮುಂದೆ ಮಾರುವಾಗ ಮೂಲ ಬಿಡಿಭಾಗ ಇದೆಯೇ ಎಂದು ಕೇಳುವವರು ಇದ್ದಾರೆ.