ಮರ ಸವರುವ ತಂಡ: ಹಲವು ಮಳೆಗಾಲ ನೋಡಿದ ಮೇಲೆ ಬರೆಯುತ್ತಿದ್ದೇನೆ

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಹಂಚಿನ ಮನೆ, ಹಿತ್ತಿಲಲ್ಲಿ ಎರಡು ಹಲಸು, ಕೊಟ್ಟಿಗೆ ಪಕ್ಕ ಒಂದು ಅಪ್ಪೆ ಮಾವು, ರಸ್ತೆ ಕಡೆ ಸಾಲಾಗಿ ಸಿಲ್ವರ್ ಓಕ್. 2019ರ ಆಗಸ್ಟ್ ಮಳೆಯನ್ನು ಈ ಕಡೆಯವರು ಯಾರೂ ಮರೆತಿಲ್ಲ. ಆ ಮಳೆಯಲ್ಲಿ ಹಲಸಿನ ದೊಡ್ಡ ಟೊಂಗೆಯೊಂದು ಕೊಟ್ಟಿಗೆ ಮಾಡಿನ ಮೇಲೆ ಬಿತ್ತು. ಪಕಾಸು, ರೀಪು, ಹಂಚು ಎಲ್ಲಾ ಹೋಯಿತು, ದನಗಳನ್ನು ಆಚೆ ಕಟ್ಟಿದ್ದರಿಂದ ಅವು ಉಳಿದವು. ಅದಾದ ಮೇಲೆ ಹಗ್ಗ, ಬೆಲ್ಟು, ಮೆಷಿನ್ ಗರಗಸ ಇಟ್ಟುಕೊಂಡು ಇದೇ ಕೆಲಸ ಮಾಡುವ ತಂಡವನ್ನು ಕರೆಸುತ್ತಿದ್ದೇವೆ. ಒಂದು ವರ್ಷ ಬಿಟ್ಟು ಒಂದು ವರ್ಷ ಬರುತ್ತಾರೆ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೂಲಿಗೆ ಬಂದು ಕೊಡಲಿಯಲ್ಲಿ ಕಡಿದು ಹೋಗುವವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಆದರೂ ನಾನು ಇವರನ್ನೇ ಕರೆಯುತ್ತೇನೆ.

ಕಾರಣ ನಮ್ಮ ಹಿತ್ತಿಲಲ್ಲೇ ಇದೆ. ಒಂದು ಹಲಸಿನ ತಲೆಯನ್ನು ಹಿಂದೊಮ್ಮೆ ಕೂಲಿಯವರು ಪೂರ್ತಿ ಹೊಡೆದು ಹೋಗಿದ್ದರು. ಆಗ ನೋಡಲು ಸಮಾಧಾನವಾಗಿತ್ತು, ಮನೆ ಮೇಲೆ ಏನೂ ಬಾಗಿರಲಿಲ್ಲ. ಎರಡೇ ಮಳೆಗಾಲದಲ್ಲಿ ಕಡಿದ ಜಾಗದ ಸುತ್ತ ಚಿಗುರು ಒತ್ತೊತ್ತಾಗಿ ಎದ್ದು ಮೊದಲಿನಷ್ಟೇ ಎತ್ತರ ಹೋಯಿತು. ಆ ಚಿಗುರು ಮೇಲ್ಮೇಲೆ ಅಂಟಿಕೊಂಡಿರುತ್ತದೆ ಅಷ್ಟೆ, ಕಾಂಡದ ಒಳಗಿಂದ ಬಂದ ಟೊಂಗೆಯ ಗಟ್ಟಿತನ ಅದಕ್ಕೆ ಇರುವುದಿಲ್ಲ. ಗಾಳಿಗೆ ಮೊದಲು ಕಿತ್ತು ಬರುವುದೇ ಅದು. ಕೆಳಗೆ ಮೋಟಿನಲ್ಲಿ ನೀರು ನಿಂತು ಕೊಳೆತು, ಒರಲೆ ಹಿಡಿದು, ಅಣಬೆ ಬಂತು. ಅಂದರೆ ದುಡ್ಡು ಕೊಟ್ಟು ಮರವನ್ನು ಮುಂಚಿಗಿಂತ ಅಪಾಯದ ಸ್ಥಿತಿಗೆ ತಂದ ಹಾಗಾಯಿತು.

ಈ ತಂಡದವರು ತಲೆ ಹೊಡೆಯುವುದಿಲ್ಲ. ಮೊದಲು ಕೆಳಗೆ ನಿಂತು ಮರವನ್ನು ಸುತ್ತು ಹಾಕಿ ನೋಡುತ್ತಾರೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಮಾಡಿನ ಮೇಲೆ ಬಂದದ್ದು ಇಷ್ಟನ್ನೇ ಗುರುತು ಮಾಡುತ್ತಾರೆ. ಕೊಯ್ಯುವ ರೀತಿ ನಿಂತು ನೋಡುವಂತಿದೆ. ಟೊಂಗೆಗೆ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಹಾಕುತ್ತಾರೆ. ಆಮೇಲೆ ಅದಕ್ಕಿಂತ ಸ್ವಲ್ಪ ತುದಿ ಕಡೆಗೆ ಮೇಲಿನಿಂದ ಕೊಯ್ಯುತ್ತಾರೆ. ಹಾಗೆ ಮಾಡದಿದ್ದರೆ ಟೊಂಗೆ ಬೀಳುವಾಗ ಅದರ ಭಾರಕ್ಕೆ ತೊಗಟೆ ಕಾಂಡದವರೆಗೂ ಸೀಳಿಕೊಂಡು ಬರುತ್ತದೆ. ಕೊನೆಗೆ ಉಳಿದ ಮೋಟನ್ನು, ಟೊಂಗೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬು ಇರುತ್ತದಲ್ವಾ, ಅದರ ಹೊರಗೇ ತೆಗೆಯುತ್ತಾರೆ. ಮರ ಗಾಯ ಮುಚ್ಚಿಕೊಳ್ಳುವುದು ಆ ಉಬ್ಬಿನಿಂದ. ಇನ್ನೊಂದು ಹಲಸಿನಲ್ಲಿ ಅವರು ಮೊದಲ ಸಲ ಕೊಯ್ದ ಗಾಯವನ್ನು ನಾನು ಆಗಾಗ ಹೋಗಿ ನೋಡುತ್ತೇನೆ. ಸುತ್ತಲಿಂದ ಹೊಸ ತೊಗಟೆ ಉಂಗುರದ ಹಾಗೆ ಒಳಗೆ ಬರುತ್ತಾ ಈಗ ನಡುವೆ ಒಂದು ಹೆಬ್ಬೆರಳಿನಷ್ಟು ಜಾಗ ಮಾತ್ರ ಉಳಿದಿದೆ. ಕೊಳೆತಿಲ್ಲ, ಒರಲೆ ಇಲ್ಲ.

ಹಲಸಿನ ಫಸಲು ಕಡಿಮೆಯಾಗುತ್ತದೆ ಅಂತ ಅಮ್ಮನಿಗೆ ಹೆದರಿಕೆ ಇತ್ತು. ಆಗಲಿಲ್ಲ. ಹಲಸು ಕಾಯಿ ಬಿಡುವುದು ಕಾಂಡದಲ್ಲಿ ಮತ್ತು ದಪ್ಪ ಟೊಂಗೆಗಳಲ್ಲಿ, ಹೊರಗಿನ ರೆಂಬೆ ತೆಗೆದರೆ ಅದಕ್ಕೇನೂ ತೊಂದರೆ ಇಲ್ಲ. ಮಾವಿನದು ಬೇರೆ ಕಥೆ. ಮಾವು ಹೂ ಬಿಡುವುದು ರೆಂಬೆಯ ತುದಿಯಲ್ಲಿ, ಹೂವಿಗೆ ಮುಂಚೆ ಸವರಿದರೆ ಆ ವರ್ಷ ಉಪ್ಪಿನಕಾಯಿಗೆ ಮಿಡಿ ಇಲ್ಲ. ಅದಕ್ಕೆ ಅಪ್ಪೆಮಿಡಿ ಕೊಯ್ದಾದ ಮೇಲೆಯೇ ಆ ಮರಕ್ಕೆ ಹತ್ತುತ್ತಾರೆ. ನಮ್ಮ ಮರಕ್ಕೆ ಬಂದಳಿಕೆ ಹಿಡಿದಿತ್ತು. ಬರೀ ಬಂದಳಿಕೆ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಕೊಂಬೆಯೊಳಗೆ ಬೇರು ಬಿಟ್ಟ ಜಾಗಕ್ಕಿಂತ ಕೆಳಗೆ, ಕೊಂಬೆ ಸಮೇತ ತೆಗೆದು, ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿದರು. ಅಡಿಕೆಗೆ ಹೊಡೆಯುವ ಮೈಲುತುತ್ತ, ಸುಣ್ಣವೇ, ಗಟ್ಟಿಯಾಗಿ ಕಲಸಿದ್ದು ಅಷ್ಟೆ.

ನಾನು ಎಣಿಸದೇ ಇದ್ದ ಒಂದು ಲಾಭ ಮಂಗಗಳದ್ದು. ಟೊಂಗೆಯಿಂದ ನೇರ ಮಾಡಿಗೆ ಹಾರಿ ಹಂಚು ಒಡೆಯುತ್ತಿದ್ದವು. ಈಗ ಮರಕ್ಕೂ ಮಾಡಿಗೂ ನಡುವೆ ಜಾಗ ಇರುವುದರಿಂದ ಆ ಕಾಟ ತುಂಬಾ ಇಳಿದಿದೆ. ಹಂಚಿನ ಸಂದಿಯಲ್ಲಿ ದರಕು ಕೂತು ಸೋರುವುದೂ ಕಡಿಮೆಯಾಗಿದೆ.

ಬೇಸರದ ವಿಷಯಗಳೂ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಇವರೇ ಬೇಕು. ಒಂದು ವರ್ಷ ನಾಳೆ ನಾಳೆ ಅನ್ನುತ್ತಾ ಮುಂಗಾರು ಶುರುವಾಗಿ, ಮರ ಜಾರುತ್ತದೆ ಅಂತ ಬರಲೇ ಇಲ್ಲ. ಜಾರುವ ಮರ ಹತ್ತದೇ ಇದ್ದದ್ದು ಸರಿ, ಆದರೆ ಆಗಲ್ಲ ಅಂತ ಮೊದಲೇ ಹೇಳಬೇಕಿತ್ತು. ಆ ಮಳೆಗಾಲ ರಾತ್ರಿ ಗಾಳಿ ಎದ್ದಾಗಲೆಲ್ಲ ನಮಗೆ ನಿದ್ದೆ ಇರಲಿಲ್ಲ. ಇನ್ನೊಂದು, ಕೆಡವಿದ ರಾಶಿ ಎತ್ತುವುದು ಅವರ ಲೆಕ್ಕದಲ್ಲಿ ಇಲ್ಲ. ಸೊಪ್ಪು ಕೊಟ್ಟಿಗೆಗೆ, ಟೊಂಗೆ ಬಚ್ಚಲ ಒಲೆಗೆ ಆಗುತ್ತದೆ, ಆದರೆ ತುಂಡು ಮಾಡಿಸಲು ಬೇರೆ ಆಳು ಹಿಡಿಯಬೇಕು.

ಕರೆಂಟ್ ತಂತಿ ಹತ್ತಿರದ ಮರವಾದರೆ ಲೈನ್‌ಮನ್ ಬಂದು ಲೈನ್ ಆಫ್ ಮಾಡುವವರೆಗೆ ಇವರು ಹತ್ತುವುದಿಲ್ಲ. ಹಸಿ ಟೊಂಗೆ ತಂತಿಗೆ ತಾಗಿದರೆ ಅದರಲ್ಲೂ ಕರೆಂಟ್ ಹರಿಯುತ್ತದೆ, ಆದ್ದರಿಂದ ಈ ವಿಷಯದಲ್ಲಿ ಅವಸರ ಮಾಡಬೇಡಿ, ಸೆಕ್ಷನ್ ಆಫೀಸಿಗೆ ಎರಡು ಮೂರು ದಿನ ಮೊದಲೇ ತಿಳಿಸಿ. ಬೀಟೆ, ಸಾಗುವಾನಿ ಇದ್ದವರು ಅರಣ್ಯ ಇಲಾಖೆಯವರನ್ನು ಕೇಳದೆ ಕೈ ಹಾಕಬೇಡಿ, ನಿಮ್ಮದೇ ಜಾಗದ ಮರವಾದರೂ ಅಷ್ಟೆ.

ಕರೆಸುವ ಮುಂಚೆ ಮರ ಹತ್ತುವವರಿಗೆ ವಿಮೆ ಇದೆಯಾ ಅಂತ ದಯವಿಟ್ಟು ಕೇಳಿ. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ. ನಮ್ಮಲ್ಲಿಗೆ ಬರುವ ಹುಡುಗರಲ್ಲಿ ಒಬ್ಬನಿಗೆ ಅದೂ ಇರಲಿಲ್ಲ, ಅಪ್ಪ ಮರುದಿನವೇ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸಿದರು.

ಈ ಸಲದ ಕೆಲಸಕ್ಕೆ ಫೆಬ್ರವರಿಯಲ್ಲೇ ಫೋನ್ ಮಾಡಿ ದಿನ ಗಟ್ಟಿ ಮಾಡಿಕೊಂಡಿದ್ದೇನೆ. ತಲೆ ಹೊಡೆಸಿಕೊಂಡ ಆ ಹಲಸಿನಲ್ಲಿ ಗಟ್ಟಿ ಇರುವ ಎರಡು ಮೂರು ಚಿಗುರು ಉಳಿಸಿ ಮಿಕ್ಕಿದ್ದನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾ ಬಂದಿದ್ದಾರೆ, ಬುಡ ಇನ್ನೂ ಗಟ್ಟಿ ಇದೆ, ಕಡಿಯಬೇಕಾಗಿಲ್ಲ ಅನ್ನುತ್ತಾರೆ.